ಒಂದು ಗೆರೆ ಮೇಲಕ್ಕೆ

ಬಿಸಿಯೇರಿದ ರಬ್ಬರು, ನೀರು ಚಿಮುಕಿಸಿದ ಹತ್ತಿಬಟ್ಟೆಯ ಹಬೆ, ಅದರಡಿಯಲ್ಲೆಲ್ಲೋ ಸೀದ ನೂಲಿನ ಕಮಟು. ಅಮ್ಮ ಇಸ್ತ್ರಿ ಹಾಕುವಾಗ ಮನೆಯೆಲ್ಲ ಹರಡುತ್ತಿದ್ದ ಆ ವಾಸನೆಯನ್ನು ಅವಳು ಮರೆತಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯ ವೈರಿಗೆ ಆಗ ಬಟ್ಟೆಯ ಹೊದಿಕೆ. ಸವೆದ ಕಡೆಯಲ್ಲೆಲ್ಲ ಅಮ್ಮ ಟೇಪು ಸುತ್ತಿದ್ದಳು. "ವಾಸನೆ ಜೋರಾದ್ರೆ ಕೂಗು, ಸ್ವಿಚ್ ಆರಿಸ್ತೀನಿ" ಎಂದು ಚಿಕ್ಕವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು.

ದೊಡ್ಡವಳಾದ ಮೇಲೂ ಅವಳ ಕೆಲಸ ಹೆಚ್ಚುಕಮ್ಮಿ ಅದೇ ಆಯಿತು. ವಿದ್ಯುತ್ ಸಾಮಾನುಗಳ ಸುರಕ್ಷತೆಯನ್ನು ಪರೀಕ್ಷಿಸುವ ಪ್ರಯೋಗಾಲಯ ಅದು. ಅಲ್ಲಿ ಏನನ್ನೂ ತಯಾರಿಸುವುದಿಲ್ಲ, ಮಾರುವುದಿಲ್ಲ. ಯಾರ ಸಾಮಾನು ಬಂದರೂ ಬೀಳಿಸಿ, ಕಾಯಿಸಿ, ನೆನೆಸಿ, ಜಗ್ಗಿ ನೋಡುತ್ತಾರೆ. ತಡೆದುಕೊಂಡರೆ ಮುದ್ರೆ, ಇಲ್ಲದಿದ್ದರೆ ವಾಪಸು. ಮೀಟರಿನ ಮುಳ್ಳು ಅಲುಗುವ ಮೊದಲೇ "ಏನೋ ಸೀಯ್ತಿದೆ" ಎನ್ನುವ ಅವಳನ್ನು ಜೊತೆಯವರು 'ಮೂಗಿನ ಮೇಡಂ' ಎಂದು ಕರೆಯುತ್ತಿದ್ದರು.

ಪರೀಕ್ಷೆಗೆ ಬಂದ ಸಾಮಾನಿನ ಮೇಲೆ ಬರೀ ನಂಬರು ಇರುತ್ತಿತ್ತು. ತಯಾರಿಸಿದವರ ಹೆಸರನ್ನು ಪಟ್ಟಿ ಅಂಟಿಸಿ ಮುಚ್ಚಿರುತ್ತಿದ್ದರು. ಆದರೂ ಯಾರದೆಂದು ಗೊತ್ತಾಗಿಬಿಟ್ಟರೆ, "ಇದು ನನಗೆ ಬೇಕಾದವರದ್ದು" ಎಂದು ಹೇಳಿ ಬೇರೆಯವರಿಗೆ ದಾಟಿಸಬೇಕು. ಅಲ್ಲಿ ಅದಕ್ಕಿಂತ ದೊಡ್ಡ ಕಟ್ಟುನಿಟ್ಟು ಇನ್ನೊಂದಿರಲಿಲ್ಲ.

ಆ ಇಸ್ತ್ರಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡ ಕೂಡಲೇ ಅವಳಿಗೆ ಗೊತ್ತಾಯಿತು. ಹಿಡಿಯಲ್ಲಿ ಹೆಬ್ಬೆರಳು ಕೂರುವಷ್ಟೇ ಒಂದು ತಗ್ಗು. ತನ್ನ ಬೆರಳು ನೋಯುತ್ತದೆಂದು ಅಕ್ಕ ಹಟ ಹಿಡಿದು ಮಾಡಿಸಿದ ತಗ್ಗು ಅದು. ಅಕ್ಕ, ಭಾವ ಸೇರಿ ತೆರೆದ ಪುಟ್ಟ ಕಾರ್ಖಾನೆಯ ಮೊದಲ ಮಾಲು. ಮುದ್ರೆ ಬಿದ್ದರೆ ಅಂಗಡಿಗೆ, ಇಲ್ಲದಿದ್ದರೆ ಮೂಲೆಗೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಕ್ಕನಿಗೆ ಅನುಕೂಲ ಮಾಡಿಕೊಡುವ ಆಸೆಯಿಂದಲ್ಲ; ಅಂಥವಳು ತಾನಲ್ಲ ಎಂದು ತನಗೆ ತಾನೇ ತೋರಿಸಿಕೊಳ್ಳುವ ಆಸೆಯಿಂದ.

ಒಳಗಿನ ಕಾಯುವ ತಂತಿಗೂ ಹೊರಗಿನ ಲೋಹಕ್ಕೂ ನಡುವೆ ಹೆಚ್ಚಿನ ವೋಲ್ಟೇಜು ಕೊಟ್ಟು ಒಂದು ನಿಮಿಷ ಕಾದು ನೋಡುವ ಪರೀಕ್ಷೆ; ಅಷ್ಟು ಹೊತ್ತು ತಡೆದರೆ ಪಾಸು. ಪೆಟ್ಟಿಗೆ ತೆಪ್ಪಗೆ ಕೂತಿತ್ತು. ನಿಮಿಷ ಮುಗಿಯಿತು. ಅವಳು ಆರಿಸಲಿಲ್ಲ. ಅಕ್ಕನದೆಂದು ಬೇಗ ಬಿಟ್ಟುಬಿಟ್ಟೆನೇ ಎನಿಸಿ ವೋಲ್ಟೇಜಿನ ತಿರುಗುಗುಂಡಿಯನ್ನು ನಿಗದಿಗಿಂತ ಒಂದು ಗೆರೆ ಮೇಲಕ್ಕೆ ಸರಿಸಿದಳು. ಆಮೇಲೆ ಇನ್ನೊಂದು ಗೆರೆ. ಚಟ್ ಎಂದಿತು, ಸೀದ ವಾಸನೆ ಬಂತು. 'ತಡೆಯಲಿಲ್ಲ' ಎಂದು ವರದಿ ಕೊಟ್ಟು, ಎದೆಯುಬ್ಬಿಸಿಕೊಂಡೇ ಮನೆಗೆ ಹೋದಳು.

ಉಬ್ಬಿದ ಎದೆ ಇಳಿದದ್ದು ಕೆಲವು ದಿನಗಳ ಮೇಲೆ, ಕೆಲಸದ ನಡುವೆ ಅಕ್ಕನ ಫೋನು ಬಂದಾಗ.

"ಫೇಲಾಯ್ತಂತೆ ನೋಡು," ಎಂದಳು ಅಕ್ಕ. "ಯಾರು ಮಾಡಿದ್ದು, ಏನು ಅಂತ ನಿನ್ನ ಕೇಳೋ ಹಾಗಿಲ್ಲ, ಗೊತ್ತು. ಯಾರ ಮನೇಲೋ ಸುಡೋ ಬದಲು ನಿಮ್ಮಲ್ಲೇ ಸುಟ್ಟಿದ್ದು ಒಳ್ಳೇದೇ ಆಯ್ತು ಬಿಡು."

"ಭಾವ ಏನಂತಾರೆ?"

"ಅಷ್ಟೂ ಪೆಟ್ಟಿಗೆ ಬಿಚ್ಚಿ ಹರವಿಕೊಂಡು ಕೂತಿದಾರೆ. ತಪ್ಪು ಎಲ್ಲಿ ಅಂತ ಸಿಗ್ತಿಲ್ಲ. ಕೊನೆಗೆ ಕಾಗೆಬಂಗಾರದಮ್ಮನಿಗೆ ಇನ್ಮೇಲೆ ಬರಬೇಡಿ ಅಂದ್ಬಿಟ್ರು."

ಕಾಯುವ ತಂತಿಯ ಮೇಲೂ ಕೆಳಗೂ ಕಾಗೆಬಂಗಾರದ, ಅಂದರೆ ಮೈಕಾದ, ತೆಳುಹಾಳೆ ಜೋಡಿಸುವಾಕೆಗೆ ಕಾರ್ಖಾನೆಯಲ್ಲಿ ಇಟ್ಟ ಹೆಸರು ಅದು. ಕರೆಂಟು ಹೊರಗೆ ಬಾರದಂತೆ ತಡೆಯುವುದು ಆ ಹಾಳೆಯೇ.

"ಹಾಳೆ ಬಿರುಕು ಬಿಟ್ಟಿದ್ದು ಅವರ ಕಣ್ಣಿಗೆ ಬಿದ್ದಿರಲ್ಲ ಅಂತ ಇವರ ಅಂದಾಜು. ಪಾಪ, ಆಕೆನೂ ಇರಬಹುದೇನೋ ಅಂತಾರೆ. ಕಣ್ಣು ಮಂಜಾಯ್ತಾ ಅಂತ ಸೂಜಿಗೆ ದಾರ ಪೋಣಿಸೋದು, ಎಳೆಯೋದು, ಮತ್ತೆ ಪೋಣಿಸೋದು. ನೋಡೋಕಾಗ್ಲಿಲ್ಲ ನಂಗೆ."

ಫೋನಿಟ್ಟ ಮೇಲೂ ಅವಳಿಗೆ ಆ ಸೂಜಿಯೇ ಕಣ್ಣಿಗೆ ಕಟ್ಟಿತ್ತು. ನಾಚಿಕೆ ಕುತ್ತಿಗೆಯಿಂದ ಕಿವಿಗೆ ಏರಿತು. ಅವಳು ನೆಟ್ಟಗೆ ಹಿರಿಯ ಎಂಜಿನಿಯರರ ಕೋಣೆಗೆ ಹೋದಳು.

"ಸರ್, ಆ ಇಸ್ತ್ರಿ ಪೆಟ್ಟಿಗೆ ನಮ್ಮಕ್ಕಂದು."

ಅವರು ಕನ್ನಡಕವನ್ನು ಹಣೆಗೇರಿಸಿದರು. "ಫೇಲ್ ಮಾಡಿದೀರಲ್ರೀ?"

"ಪಾಸಾಗಿತ್ತು ಸರ್. ನಾನು ಬಿಡಲಿಲ್ಲ." ಗೆರೆಯ ಮೇಲೆ ಗೆರೆ ಸರಿಸಿದ್ದನ್ನೆಲ್ಲ ಹೇಳಿದಳು.

ಅವರು ಆ ವರದಿಯನ್ನು ಹುಡುಕಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ಅಕ್ಕ ಅಂತ ಪಾಸ್ ಮಾಡೋರನ್ನ ಹಿಡಿಯೋಕೆ ನಮ್ಮಲ್ಲಿ ದಾರಿ ಇದೆ," ಎಂದರು ಕೊನೆಗೆ. "ನಿಮ್ಮನ್ನ ಹೇಗಮ್ಮ ಹಿಡೀಲಿ?"

ಬೈದಿದ್ದರೆ ವಾಸಿಯಿತ್ತು. ಆ ವರದಿ ರದ್ದಾಯಿತು. ಹೊಸ ಪೆಟ್ಟಿಗೆಗಳು ಬೇರೆ ಪ್ರಯೋಗಾಲಯಕ್ಕೆ ಹೋಗಬೇಕು. ಅವಳು ಹಿಂದೆ ಮಾಡಿದ ಪರೀಕ್ಷೆಗಳನ್ನೂ ಯಾರಾದರೂ ತಿರುಗಿ ನೋಡಬೇಕು. ಅಲ್ಲಿಯವರೆಗೆ ಅವಳು ಯಾವುದನ್ನೂ ಮುಟ್ಟುವಂತಿಲ್ಲ. ಅವಳು ಕಣ್ಣೊರೆಸಿಕೊಂಡು ಹೊರಡುವಾಗ ಅವರೂ ಜೊತೆಗೆ ಬಂದು, ಹೊರಗಿನವರಿಗೆ ಅವಳ ಮುಖ ಕಾಣದಂತೆ ಬಾಗಿಲಿಗೆ ಅಡ್ಡವಾಗಿ ನಿಂತರು.

ಮರುದಿನ ಅವಳು ಕಾರ್ಖಾನೆಗೆ ಹೋದಾಗ ಕಾಗೆಬಂಗಾರದಮ್ಮ ತನ್ನ ಕತ್ತರಿ, ಏಪ್ರನ್ನು ತೆಗೆದುಕೊಂಡು ಹೋಗಲು ಬಂದು ಕೋಣೆಯ ಆಚೆ ತುದಿಯಲ್ಲಿ ನಿಂತಿದ್ದಳು. ಭಾವ ಬಿಚ್ಚಿದ ಪೆಟ್ಟಿಗೆಗಳ ನಡುವೆ ಕೂತಿದ್ದ. ತಾನು ಮಾಡಿದ್ದನ್ನೆಲ್ಲ ಅವಳು ಬಾಗಿಲಲ್ಲಿ ನಿಂತೇ ಅಕ್ಕನಿಗೂ ಭಾವನಿಗೂ ಹೇಳಿದಳು. ಭಾವ ತಲೆಯೆತ್ತಲಿಲ್ಲ.

"ಅಕ್ಕನ ಮೇಲೆ ಮಮಕಾರ ಇಲ್ಲ ಅಂತ ತೋರಿಸೋಕೆ ಅಷ್ಟೊಂದು ವೋಲ್ಟೇಜ್ ಬೇಕಿತ್ತೇನೆ?" ಎಂದಳು ಅಕ್ಕ. "ಬಾಯಲ್ಲಿ ಹೇಳಿದ್ರೆ ನಂಬ್ತಿದ್ದೆ."

"ಬೈಯಕ್ಕ."

"ಬೈತೀನಿ. ಒಂದೇ ಸಲಕ್ಕೆ ಮುಗಿಸಲ್ಲ, ಇಡೀ ಜನ್ಮ ಬೈತೀನಿ. ಮೊದಲು ಆಕೆಗೆ ಹೇಳು ಹೋಗು."

ಹೇಳುವುದೆಂದರೆ ಆ ಕೋಣೆ ದಾಟುವುದು. ದಾಟಿದಳು. "ನಿಮ್ಮ ಹಾಳೆ ಸರಿಯಾಗೇ ಇತ್ತು. ತಪ್ಪು ನನ್ನದು."

ಕಾಗೆಬಂಗಾರದಮ್ಮ ಬೆರಳ ತುದಿಗೆ ಅಂಟಿದ ಮಿನುಗನ್ನು ನೋಡಿಕೊಂಡಳು. "ಹಾಗಾದ್ರೆ ನನ್ನ ಕಣ್ಣು?"

"ಏನೂ ಆಗಿಲ್ಲ."

"ಮನೆಯವರಿಗೂ ಹೇಳ್ಬಿಟ್ಟಿದ್ದೆ, ನನ್ನ ಕಣ್ಣು ಹೋಯ್ತು ಅಂತ," ಎಂದಳು ಆಕೆ. ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ. ಏಪ್ರನ್ನು ಕಟ್ಟಿಕೊಂಡು ತನ್ನ ಜಾಗದಲ್ಲಿ ಕೂತಳು. ಭಾವ ಎದ್ದುಹೋಗಿ ಆಕೆಯ ಮೇಜಿನ ದೀಪ ಹಾಕಿ ಬಂದ.

ಅವಳಿಗೆ ಹೊರಟುಹೋಗಲೂ ಕಾಲು ಬರಲಿಲ್ಲ. ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡು, ಬಿಚ್ಚಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸಲು ಕೂತಳು. ಮಧ್ಯಾಹ್ನ ಎಲ್ಲರೂ ಕೈತೊಳೆಯಲು ಎದ್ದರು. ಯಾವ ಮುಖ ಹೊತ್ತು ಅವರ ಜೊತೆ ಕೂರುವುದು ಎಂದು ಅವಳು ತಲೆ ತಗ್ಗಿಸಿಕೊಂಡು ತಿರುಪು ಬಿಗಿಯುತ್ತಲೇ ಇದ್ದಳು.

ಎದುರಿಗೆ ಯಾರೋ ಬಂದು ನಿಂತರು. ಕಾಗೆಬಂಗಾರದಮ್ಮ. ತನ್ನ ಡಬ್ಬಿಯ ಅರ್ಧ ಊಟವನ್ನು ಮುಚ್ಚಳಕ್ಕೆ ಹಾಕಿ ತಂದಿದ್ದಳು. ಅವಳ ಕೈಯಿಂದ ಸ್ಕ್ರೂಡ್ರೈವರ್ ಬಿಡಿಸಿ ಪಕ್ಕಕ್ಕಿಟ್ಟು, ಮುಚ್ಚಳವನ್ನು ಆ ಕೈಗೆ ಕೊಟ್ಟಳು.