ಬ್ರೇಕ್ ಎಣ್ಣೆಯ ದೀಪ

"ಅದು ಡಮ್ಮಿ, ಅಕ್ಕೋರೆ," ಎಂದ ಮಂಗೇಶ, ಹಳೇ ಬನಿಯನ್ನಿಗೆ ಕೈ ಒರೆಸಿಕೊಳ್ಳುತ್ತ. "ಬರೀ ಚಿತ್ರ. ಒಳಗೆ ಎಂತದೂ ಇಲ್ಲ."

ಅಂಕೋಲೆಯಿಂದ ಕೇಣಿಗೆ ಹೋಗುವ ರಸ್ತೆಯಲ್ಲಿ ಮಂಗೇಶನ ಗ್ಯಾರೇಜು. ಶನಿವಾರದ ಮಧ್ಯಾಹ್ನ. ವಿನುತಾ ಕಾರಿನ ಬಾಗಿಲು ಹಿಡಿದು ನಿಂತು ಡ್ಯಾಶ್‌ಬೋರ್ಡಿನ ಎಡಮೂಲೆಯನ್ನು ನೋಡುತ್ತಿದ್ದಳು. ಅಲ್ಲಿ ಹುಣಸೆಬೀಜದಷ್ಟು ಗಾತ್ರದ ಕೆಂಪು ಪ್ಲಾಸ್ಟಿಕ್ಕು. ಅದರ ಮೇಲೆ ಒಂದು ವೃತ್ತ, ವೃತ್ತದೊಳಗೆ ಒಂದು ಉದ್ಗಾರ ಚಿಹ್ನೆ. ಬ್ರೇಕ್ ಎಣ್ಣೆ ಕಡಿಮೆಯಾದರೆ ಹತ್ತಬೇಕಾದ ದೀಪ ಅದು. ಅವಳು ಈ ಕಾರು ಓಡಿಸತೊಡಗಿ ವರ್ಷ ಕಳೆದಿತ್ತು. ಒಂದು ಸಲವೂ ಹತ್ತಿರಲಿಲ್ಲ.

ಮಂಗಳವಾರ ಅವಳು ಕಾರವಾರದ ಕಾಲೇಜಿಗೆ ಪಾಠ ಮಾಡಲು ಹೋಗುವಾಗ ಬಿಣಗಾದ ಇಳಿಜಾರಿನಲ್ಲಿ ಮುಂದೊಂದು ಬಸ್ಸು ನಿಂತಿತ್ತು. ಬ್ರೇಕ್ ಒತ್ತಿದಳು. ಪೆಡಲು ಸೀದಾ ಹೋಗಿ ನೆಲ ಮುಟ್ಟಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಬದಿಯ ಮಣ್ಣಿನ ದಿಬ್ಬಕ್ಕೆ ಚಕ್ರ ಒರಗಿಸಿದ ಮೇಲೆ ಕಾರು ನಿಂತಿತು. ಬಾನೆಟ್ಟು ಎತ್ತಿ ನೋಡಿದರೆ ಎಣ್ಣೆಯ ಡಬ್ಬಿಯ ತಳ ಕಾಣುತ್ತಿತ್ತು. ಕಾರನ್ನು ಎಳೆಸಿಕೊಂಡು ಅಂಕೋಲೆಗೆ ತಂದದ್ದಾಯಿತು. ಮಂಗೇಶ ಡಬ್ಬಿ ತುಂಬಿಸಿ, ಬ್ರೇಕ್ ಕೊಳವೆಯೊಳಗಿನ ಗಾಳಿ ತೆಗೆದು, ಎಲ್ಲ ಸರಿಯಾಯ್ತು ಅಂದ.

"ಡಮ್ಮಿ ಆದ್ರೆ ಡಬ್ಬಿ ಮುಚ್ಚಳಕ್ಕೆ ಎರಡು ಪಿನ್ನು ಯಾಕಿದಾವೆ?" ಎಂದು ಕೇಳಿದಳು ವಿನುತಾ.

"ಬೇರೆ ಯಾವ್ದೋ ಗಾಡಿ ಮುಚ್ಚಳ ತಂದು ಹಾಕಿರ್ತರು. ಮೀಟರೂ ಬೇರೆ ಗಾಡೀದೇ."

"ವೈರು ಎಳೆದ್ರೆ ಹತ್ತಬೇಕಲ್ಲ?"

"ಹತ್ತಿದ್ರೇ ತಾಪತ್ರಯ. ಇದು ಸಮುದ್ರದ ಬದಿ, ಅಕ್ಕೋರೆ. ಉಪ್ಪು ಗಾಳಿಗೆ ಪಿನ್ನು ಹಸಿರಾಗಿ ಲೈಟು ಸುಮ್ಸುಮ್ನೆ ಹತ್ಕೊಂಡೇ ಇರ್ತದೆ. ಈ ಕಡೆ ಗಾಡಿಗೆಲ್ಲ ನಾವು ಬಲ್ಬೇ ತೆಗ್ದುಬಿಡ್ತೆವು. ಗಿರಾಕಿಗೂ ನಿದ್ದೆ, ನಮ್ಗೂ ನಿದ್ದೆ."

ಸ್ಕೂಟರ್ ರಿಪೇರಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಒಬ್ಬ ನಕ್ಕ. "ಅಕ್ಕೋರು ಪರೀಕ್ಷೆ ತಕ್ಕೊಳ್ತಾ ಇದ್ದಾರೆ, ಮಂಗೇಶಾ. ಸರಿ ಉತ್ರ ಹೇಳು, ಇಲ್ದಿದ್ರೆ ನಪಾಸು."

ವಿನುತಾ ನಗಲಿಲ್ಲ. ಕೀಲಿ ಇಸಿದುಕೊಂಡು ಕಾರು ಹತ್ತಿದಳು. ಹಾರವಾಡದ ಮನೆಯವರೆಗೂ ಮೂವತ್ತರ ವೇಗ ದಾಟಲಿಲ್ಲ. ಅವಳು ಕೇಳಿದ್ದು ಸಣ್ಣ ಪ್ರಶ್ನೆ. ಉತ್ತರ ಗೊತ್ತಿಲ್ಲ ಅಂದಿದ್ದರೆ ಸುಮ್ಮನಿರುತ್ತಿದ್ದಳು. ಗೊತ್ತಿದ್ದವನು ನಕ್ಕು ತಳ್ಳಿಹಾಕುವ ದನಿ ಅದು. ಹೆಂಗಸರಿಗೆಂದೇ ಎತ್ತಿಟ್ಟ ದನಿ.

ಎರಡೇ ಸೀಟಿನ, ಫೈಬರಿನ ಮೈಯ, ಬಟ್ಟೆಯ ಟಾಪಿನ ಆ ಕೆಂಪು ಕಾರನ್ನು ತಂದವನು ಅವಳ ಗಂಡ ಕಿಶೋರ. ಚೆಂಡಿಯಾದಲ್ಲಿದ್ದ ಗದ್ದೆ ನೌಕಾನೆಲೆಗೆ ಹೋಗಿ, ಮನೆಮಂದಿಯೆಲ್ಲ ಹಾರವಾಡದ ಪುನರ್ವಸತಿ ಕಾಲೋನಿಗೆ ಬಂದು ವರ್ಷಗಳಾದ ಮೇಲೆ ಹೆಚ್ಚುವರಿ ಪರಿಹಾರ ಬಂದಿತ್ತು. ತನ್ನ ಪಾಲಿಗೆ ಬಂದದ್ದರಲ್ಲಿ ಅವನು ಗೋವಾದಿಂದ ಈ ಹಳೆಯ ಸ್ಪೋರ್ಟ್ಸ್ ಕಾರು ತಂದ. ಓಣಿಯವರು ನಕ್ಕಿದ್ದೇ ನಕ್ಕಿದ್ದು. "ಅವ್ವನ್ನ ಎಲ್ಲಿ ಕೂರಿಸ್ತೆ, ಡಿಕ್ಕಿಯಲ್ಲಾ?" ಎಂದು ಕೇಳಿದರು. ಅವನು ಯಾರ ಮಾತಿಗೂ ಸೊಪ್ಪು ಹಾಕದೆ ಅದರಲ್ಲೇ ಕದ್ರಾದ ವಿದ್ಯುತ್ ಕೇಂದ್ರಕ್ಕೆ ಪಾಳಿಗೆ ಹೋಗಿ ಬರುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಲಿವರಿನ ಕಾಯಿಲೆಯಿಂದ ತೀರಿಕೊಂಡ. ಆಗ ಅವನಿಗೆ ಮೂವತ್ತಾರು, ವಿನುತಾಳಿಗೆ ಮೂವತ್ತೊಂದು.

ಅವಳು ಅಳಲಿಲ್ಲ. ಇಪ್ಪತ್ತನೆಯ ದಿನ ಕಾಲೇಜಿಗೆ ಹೋಗಿ ಭೌತಶಾಸ್ತ್ರದ ಪಾಠ ಮಾಡಿದಳು. ತಿಂಗಳೆರಡು ಕಳೆದ ಮೇಲೆ ಕಾರಿನ ಕೀಲಿ ಎತ್ತಿಕೊಂಡಳು. ಗಂಡ ಸತ್ತವಳು ಟಾಪು ತೆರೆದ ಕಾರಿನಲ್ಲಿ ಓಡಾಡುವುದೇ ಎಂದು ಓಣಿ ಮಾತಾಡಿಕೊಂಡಿತು. ಅದೂ ಅವಳನ್ನು ತಟ್ಟಲಿಲ್ಲ. ಯಾವುದೂ ತಟ್ಟದೆ ದಿನಗಳು ಹೋಗುತ್ತಿದ್ದವು.

ಭಾನುವಾರ ಬೆಳಿಗ್ಗೆ ಕಾಲೇಜಿನ ಲ್ಯಾಬಿನಿಂದ ತಂದಿದ್ದ ಮಲ್ಟಿಮೀಟರು, ಸ್ಕ್ರೂಡ್ರೈವರು, ಸಾಲ್ಡರ್ ಕಡ್ಡಿ ಹಿಡಿದು ಅವಳು ಅಂಗಳಕ್ಕೆ ಇಳಿದಳು. ಅತ್ತೆ ದುರ್ಗಿ ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ಒಣಸಿಗಡಿಯ ತಲೆ ಮುರಿಯುತ್ತಿದ್ದಳು. ವಿನುತಾ ನಾಲ್ಕು ಸ್ಕ್ರೂ ಬಿಚ್ಚಿ ಮೀಟರಿನ ಹಲಗೆಯನ್ನು ಹೊರಗೆಳೆದಳು. ಕೆಂಪು ದೀಪದ ಹಿಂದೆ ಬಲ್ಬು ಕೂರುವ ತೂತು ಖಾಲಿ. ವೈರುಗಳ ಕಟ್ಟನ್ನು ಬೆರಳಿನಿಂದ ಬಿಡಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಒಂದು ವೈರನ್ನು ಕತ್ತರಿಸಿ, ತುದಿಯನ್ನು ಎರಡು ಸಲ ಮಡಚಿ, ಕಪ್ಪು ಟೇಪು ಸುತ್ತಿ ಕಟ್ಟಿನೊಳಗೆ ಹುದುಗಿಸಿದ್ದರು. ಬಾನೆಟ್ಟಿನ ಕೆಳಗೆ, ಎಣ್ಣೆ ಡಬ್ಬಿಯ ಹತ್ತಿರ ಹುಡುಕಿದರೆ ಅಲ್ಲಿಯೂ ಹಾಗೆಯೇ ಎರಡು ತುದಿ, ಅದೇ ಕಪ್ಪು ಟೇಪು.

ಎಳೆಯದೇ ಇದ್ದ ವೈರನ್ನು ಯಾರೂ ಕತ್ತರಿಸಲಾರರು.

"ಎಂತ ಸಿಕ್ತು ತಂಗಿ, ಇಲಿಯಾ?" ಎಂದಳು ದುರ್ಗಿ ಜಗಲಿಯಿಂದ. "ಆಗಿಂದ ಒಂದೇ ಕಡೆ ನೋಡ್ತೆ."

ವಿನುತಾ ಉತ್ತರಿಸುವ ಮೊದಲೇ ಮೈದುನ ಸುನಿಲ ಪೇಟೆಯಿಂದ ಬಂದ. ಬಿಚ್ಚಿಟ್ಟ ಮೀಟರು ಕಂಡು ಅವನ ನಡಿಗೆ ನಿಧಾನವಾಯಿತು.

"ವೈನಿ, ಅದನ್ನ ಹಂಗೇ ಬಿಡಿ."

"ಯಾರು ಕತ್ತರಿಸಿದ್ದು?"

ಸುನಿಲ ತಾಯಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅಣ್ಣನೇ ಹೇಳಿ ಮಾಡ್ಸಿದ್ದು. ಮದ್ವೆಯಾದ ಹೊಸತ್ರಲ್ಲಿ ನಿಮ್ಮನ್ನ ಗೋವಾಕ್ಕೆ ಕರ್ಕೊಂಡು ಹೋಗಿದ್ನಲ್ಲ, ಆವಾಗ ಹತ್ತಿತಂತೆ. ನೀವು ದಾರಿಯುದ್ದ ಕೇಳ್ತಾ ಬಂದ್ರಂತೆ, ಇದು ಎಂತ ಕೆಂಪು ಅಂತ. ಬಂದವ್ನೇ ಮಂಗೇಶನ ಹತ್ರ ತೆಗೆಸ್ಬಿಟ್ಟ. ನೀವು ಹೆದ್ರೂದು ಬ್ಯಾಡ ಅಂತ. ನಿಮ್ಮ ಮೇಲಿನ ಪ್ರೀತಿಗೇ, ವೈನಿ."

ಅವಳಿಗೆ ಆ ದಾರಿ ಮಸುಕಾಗಿ ನೆನಪಾಯಿತು. ಕಾಣಕೋಣದ ಹತ್ತಿರ ಎಲ್ಲೋ ಕೇಳಿದ್ದಳು. ಅವನು ದಾರಿಯಿಂದ ಕಣ್ಣು ತೆಗೆಯದೆ, ಏನಿಲ್ಲ, ಅಂದಿದ್ದ. ಆಮೇಲೆ ದೀಪ ಕಾಣಲಿಲ್ಲ. ಸರಿಮಾಡಿಸಿದ ಎಂದುಕೊಂಡು ಅವಳು ಮರೆತೇಬಿಟ್ಟಿದ್ದಳು. ಆರು ವರ್ಷ ಅವನ ಎಡಕ್ಕೆ, ಆ ಕುರುಡು ದೀಪದ ಎದುರು ಕೂತು ಊರೂರು ತಿರುಗಿದ್ದಳು.

ಕದ್ರಾದಲ್ಲಿ ಅವನ ಕೆಲಸವೇ ದೀಪ ಕಾಯುವುದಾಗಿತ್ತು. ಗೋಡೆ ತುಂಬ ಸಣ್ಣ ಸಣ್ಣ ದೀಪ. ಒಂದು ಕೆಂಪಗಾದರೆ ನಾಲ್ಕು ಜನ ಎದ್ದು ಓಡುತ್ತಾರೆ, ಸಮಯ ಬರೆದಿಡುತ್ತಾರೆ, ಮೇಲಿನವರಿಗೆ ಫೋನು ಹೋಗುತ್ತದೆ. ಅಲ್ಲಿ ಒಬ್ಬ ಬಲ್ಬು ಕಿತ್ತು ಜೇಬಿಗಿಳಿಸಿದ್ದರೆ ಅವನ ನೌಕರಿ ಅಂದೇ ಹೋಗುತ್ತಿತ್ತು. ಇದನ್ನೆಲ್ಲ ಅವನೇ ಹೆಮ್ಮೆಯಿಂದ ಹೇಳುತ್ತಿದ್ದ. ಯಂತ್ರಕ್ಕೆ ಅಷ್ಟು ನಿಯತ್ತು. ಹೆಂಡತಿಗೆ ಕಪ್ಪು ಟೇಪು.

ಕಾಯಿಲೆಯಲ್ಲಿಯೂ ಅದನ್ನೇ ಮಾಡಿದ. ಅವನು ಸತ್ತ ಮೇಲೆ ಕಾಗದಪತ್ರ ಒಟ್ಟುಮಾಡುವಾಗ ಅವಳ ಕೈಗೆ ಮೊದಲ ರಿಪೋರ್ಟು ಸಿಕ್ಕಿತ್ತು. ಸಾಯುವುದಕ್ಕೆ ಏಳು ತಿಂಗಳು ಮೊದಲಿನ ತಾರೀಖು. ಏಳು ತಿಂಗಳೂ ಅವನಿಗೆ ಗೊತ್ತಿತ್ತು, ಸುನಿಲನಿಗೆ ಗೊತ್ತಿತ್ತು, ಗೋವಾದ ಡಾಕ್ಟರಿಗೆ ಗೊತ್ತಿತ್ತು. ಟ್ರೇನಿಂಗ್ ಇದೆ ಎಂದು ಹೇಳಿ ಅಣ್ಣ ತಮ್ಮ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದಕ್ಕೆ ಸುನಿಲ ಆಗಲೂ ಇದೇ ಮಾತು ಹೇಳಿದ್ದ. ನೀವು ಹೆದ್ರೂದು ಬ್ಯಾಡ ಅಂತ.

ಆಗ ಅವಳು ಕಲ್ಲಿನಂತೆ ಕೇಳಿಸಿಕೊಂಡಿದ್ದಳು. ಇಂದು ಹಾಗಾಗಲಿಲ್ಲ. ಹದಿನಾಲ್ಕು ತಿಂಗಳಿಂದ ತಣ್ಣಗಿದ್ದ ಕೈಗಳು ಬಿಸಿಯಾದವು. ದುಃಖವಲ್ಲ, ಶುದ್ಧ ಸಿಟ್ಟು. ಸತ್ತವನ ಮೇಲೆ ಸಿಟ್ಟು ಮಾಡಬಾರದೆಂದು ಯಾರು ಹೇಳಿದರೋ ಅವರ ಮೇಲೂ ಸಿಟ್ಟು.

ಎರಡೂ ಕಡೆ ಟೇಪು ಬಿಚ್ಚಿ, ವೈರಿನ ತುದಿ ಕೆರೆದು, ತುಂಡು ಸೇರಿಸಿ ಸಾಲ್ಡರ್ ಹಾಕಿದಳು. ಸಿಗರೇಟ್ ಲೈಟರಿನ ಹಿಂದೆ ಅದೇ ಅಳತೆಯ ಬಲ್ಬು ಇತ್ತು. ಅದನ್ನು ಕಿತ್ತು ತಂದು ಖಾಲಿ ತೂತಿಗೆ ಕೂರಿಸಿದಳು. ಕೀಲಿ ತಿರುಗಿಸಿದಳು.

ದೀಪ ಹತ್ತಿತು. ಹತ್ತಿಕೊಂಡೇ ಇತ್ತು.

"ನೋಡಿ, ಉಪ್ಪು," ಎಂದ ಸುನಿಲ, ಸ್ವಲ್ಪ ಹಗುರಾಗಿ. "ಮಂಗೇಶ ಹೇಳೂದು ಸುಳ್ಳಲ್ಲ."

ವಿನುತಾ ಮುಚ್ಚಳದ ಪಿನ್ನುಗಳನ್ನು ಮರಳುಕಾಗದದಿಂದ ಉಜ್ಜಿ ಹೊಳೆಯಿಸಿ ಮತ್ತೆ ಸಿಕ್ಕಿಸಿದಳು. ದೀಪ ಆರಲಿಲ್ಲ. ಮುಚ್ಚಳ ತೆಗೆದು ಡಬ್ಬಿಯೊಳಗೆ ನೋಡಿದಳು. ನಿನ್ನೆ ಮಧ್ಯಾಹ್ನ ಕತ್ತಿನವರೆಗೆ ತುಂಬಿಸಿದ್ದ ಎಣ್ಣೆ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ದೀಪ ಸುಳ್ಳು ಹೇಳುತ್ತಿರಲಿಲ್ಲ. ಈ ಮನೆಯಲ್ಲಿ ಬಹುಶಃ ಅದೊಂದೇ.

ಮಂಗೇಶನಿಗೆ ಅವಳೇ ಫೋನು ಮಾಡಿದಳು. ಭಾನುವಾರ ರಜೆ ಎಂದ. ಹಾಗಾದರೆ ಕಾರನ್ನು ಹೀಗೆಯೇ ಓಡಿಸಿಕೊಂಡು ನಿಮ್ಮ ಮನೆ ಬಾಗಿಲಿಗೇ ತರುತ್ತೇನೆ ಎಂದಳು. ಮುಕ್ಕಾಲು ಗಂಟೆಯಲ್ಲಿ ಅವನ ಸ್ಕೂಟರು ಅಂಗಳದಲ್ಲಿತ್ತು. ಹತ್ತಿದ್ದ ದೀಪ ನೋಡಿದ, ಸುನಿಲನ ಮುಖ ನೋಡಿದ. ಜಾಕು ಏರಿಸಿ ಹಿಂದಿನ ಎಡಗಾಲಿ ಬಿಚ್ಚಿದ. ಒಳಗೆಲ್ಲ ಎಣ್ಣೆ ಇಳಿದು, ಧೂಳು ಮೆತ್ತಿ ಕೆಸರಾಗಿತ್ತು.

"ಬ್ರೇಕ್ ಸಿಲಿಂಡರ್ ಸೋರ್ತಾ ಇದೆ," ಎಂದ.

"ಎಷ್ಟು ದಿವಸದಿಂದ?"

ಮಂಗೇಶ ಸ್ಪ್ಯಾನರು ಕೆಳಗಿಟ್ಟ. "ಅದು... ಮೊದ್ಲಿಂದ್ಲೂ ಸ್ವಲ್ಪ ಸ್ವಲ್ಪ ಇತ್ತು, ಅಕ್ಕೋರೆ. ಈಗ ಜಾಸ್ತಿಯಾಗಿದೆ. ಈ ಕಾರಿಗೆ ಪಾರ್ಟು ಸಿಗೂದು ಕಷ್ಟ. ಅಣ್ಣ ತಿಂಗ್ಳಿಗೊಂದ್ಸಲ ಬಂದು ಎಣ್ಣೆ ತುಂಬಿಸ್ಕೊಂಡು ಹೋಗ್ತಿದ್ರು."

"ಅವರು ಹೋದ ಮೇಲೆ?"

"ಸರ್ವಿಸಿಗೆ ಬಂದಾಗೆಲ್ಲ ನಾನೇ ತುಂಬಿಸ್ತಿದ್ದೆ. ಈ ಸಲ ನೀವು ತಡಾ ಮಾಡಿದ್ರಿ."

"ನಾನು ತಡ ಮಾಡಿದ್ನಾ?"

ಮಂಗೇಶ ಮತ್ತೆ ಸ್ಪ್ಯಾನರು ಎತ್ತಿಕೊಂಡ.

"ತಿಂಗಳಿಗೊಮ್ಮೆ ತುಂಬಿಸಬೇಕು ಅಂತ ನಂಗೆ ಯಾರು ಹೇಳಿದ್ರು? ನೀವು ಹೇಳಿದ್ರಾ? ಇಲ್ಲಿ ನಿಂತ ಇವರು ಹೇಳಿದ್ರಾ? ನಿನ್ನೆ ಕೇಳಿದೆ ನಾನು, ನಿಮ್ಮ ಗ್ಯಾರೇಜಲ್ಲಿ ನಿಂತು ಕೇಳಿದೆ. ಡಮ್ಮಿ ಅಂದ್ರಿ. ಕೈಯಾರೆ ಕತ್ತರಿಸಿದ ವೈರು, ನಿಮ್ಗೆ ನೆನಪಿಲ್ವಾ?" ಅವಳ ದನಿ ಏರಿರಲಿಲ್ಲ. ಆದರೆ ಒಂದೊಂದು ಮಾತೂ ಅಂಗಳ ದಾಟಿ ಕೇಳುತ್ತಿತ್ತು. "ಬಿಣಗಾ ಇಳಿಜಾರಲ್ಲಿ ಹೋಗ್ತಿದ್ದವಳು ನಾನು. ಗೊತ್ತಿರೂದು ನಿಮ್ಗೆಲ್ಲ, ಸಾಯೂದು ನಾನಾ?"

"ಅಣ್ಣಂಗೆ ಮಾತು ಕೊಟ್ಟಿದ್ದೆ, ಅಕ್ಕೋರೆ."

"ಅಣ್ಣ ಕಾರು ಓಡಿಸ್ತಾ ಇಲ್ಲ."

ಜಗಲಿಯಲ್ಲಿ ಮೊರ ಕೆಳಗಿಟ್ಟ ಸದ್ದಾಯಿತು. ದುರ್ಗಿ ಕಂಬ ಹಿಡಿದು ಎದ್ದು ನಿಂತಿದ್ದಳು. "ಎಂತ ಆಯ್ತು? ಯಾರು ಸಾಯೂದು?"

"ಏನಿಲ್ಲ ಅವ್ವಾ," ಎಂದ ಸುನಿಲ ಥಟ್ಟನೆ. "ಒಂದು ಸಣ್ಣ ಬಲ್ಬು. ನೀ ಒಳಗೆ ಹೋಗು, ಚಾ ಇಡು."

ವಿನುತಾ ಅವನತ್ತ ತಿರುಗಿದಳು. ಅವನು ಕಣ್ಣಲ್ಲೇ ಬೇಡಿಕೊಂಡ: ಅವ್ವನ ಎದುರು ಬೇಡ. ಆ ಕಣ್ಸನ್ನೆ ಅವಳಿಗೆ ಹೊಸದಲ್ಲ. ಕಿಶೋರ ಸತ್ತ ಹದಿಮೂರನೆಯ ದಿನ ಇದೇ ಅಂಗಳದಲ್ಲಿ ಇಬ್ಬರೂ ಮಾತಾಡಿಕೊಂಡಿದ್ದರು. ಕಾಮಾಲೆ ಬಂದು ನಾಲ್ಕೇ ದಿನದಲ್ಲಿ ಹೋದ ಎಂದು ಅತ್ತೆ ನಂಬಿದ್ದಾಳೆ, ಹಾಗೆಯೇ ನಂಬಿರಲಿ, ಏಳು ತಿಂಗಳ ಸುದ್ದಿ ಆ ಮುದುಕಿ ತಡೆಯಲಾರಳು. ಸುನಿಲ ಹೇಳಿದ್ದ. ವಿನುತಾ ತಲೆಯಾಡಿಸಿದ್ದಳು.

ಆ ತಲೆಯಾಡಿಸಿದ್ದಕ್ಕೆ ಈಗ ಅವಳಿಗೆ ಮೈಯೆಲ್ಲ ಉರಿಯಿತು.

"ಬಲ್ಬಲ್ಲ, ಅತ್ತೆ," ಎಂದಳು. "ಈ ಕಾರಿಗೆ ಬ್ರೇಕು ಸರಿ ಇರ್ಲಿಲ್ಲ. ಇವರಿಗೆಲ್ಲ ಗೊತ್ತಿತ್ತು, ನಂಗೆ ಹೇಳ್ಲಿಲ್ಲ. ಇನ್ನೊಂದು ಇದೆ. ಅದು ನಿಮ್ಗೆ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ವೈನಿ," ಎಂದ ಸುನಿಲ.

"ಅವರಿಗೆ ಕಾಯಿಲೆ ನಾಲ್ಕು ದಿವಸದ್ದಲ್ಲ. ಏಳು ತಿಂಗಳು ಮೊದಲೇ ಗೊತ್ತಿತ್ತು."

ಮಂಗೇಶ ಮೆಲ್ಲನೆ ಬಗ್ಗಿ ಗಾಲಿಯ ಮರೆಗೆ ಸರಿದ. ದುರ್ಗಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಎರಡು ಮೆಟ್ಟಿಲು ಇಳಿದು ಬಂದು ಸೊಸೆಯ ಮುಖವನ್ನು ಹತ್ತಿರದಿಂದ ನೋಡಿದಳು.

"ಏಳು ತಿಂಗ್ಳಾ? ಹಂಗಾರೆ ಶಿವರಾತ್ರಿಗೆ?"

"ಗೊತ್ತಿತ್ತು."

"ಹಬ್ಬದ ಮರುದಿವ್ಸ ಬಂಗಡೆ ಸಾರು ಹಾಕಿದ್ದೆ. ತಾಟು ದೂಡಿ ಎದ್ದೋದ. ನನ್ನ ಕೈಯಡಿಗೆ ಬ್ಯಾಡಾಯ್ತು ನಿಂಗೆ ಅಂತ ಬೈದೆ. ಮಳೆ ಹಿಡಿಯೂವರೆಗೂ ಅವನ ಹತ್ರ ಮಾತಾಡ್ಲಿಲ್ಲ ನಾನು. ತಾಟು ದೂಡಿದ್ದು ಅದಕ್ಕಾ?"

"ಅದಕ್ಕೇ, ಅತ್ತೆ. ವಾಸನೆಗೇ ವಾಕರಿಕೆ ಬರ್ತಿತ್ತಂತೆ."

ದುರ್ಗಿ ಮಗನ ಕಡೆ ತಿರುಗಿದಳು. "ನೀ ಅವತ್ತು ಪಕ್ಕದಲ್ಲೇ ಕೂತು ಉಣ್ತಾ ಇದ್ದೆ. ನಾ ಬೈಯೂದು ಕೇಳ್ತಾ ಉಂಡೆ."

"ನೀ ತಡ್ಕೊಳ್ಳೂದಿಲ್ಲ ಅಂತ, ಅವ್ವಾ."

"ನಾ ತಡ್ಕೊಳ್ಳೂದಿಲ್ಲ? ಗದ್ದೆ ಬಿಟ್ಟು ಬಂದೆ, ಮನೆ ಕೆಡವೂದು ಕಣ್ಣಾರೆ ನೋಡಿದೆ, ನಿಮ್ಮಪ್ಪನ್ನ ಕಳಿಸಿದೆ. ಇದೊಂದು ತಡ್ಕೊಳ್ಳೂದಿಲ್ಲ ಅಂತ ನಿಂಗೆ ಯಾರು ಹೇಳಿದ್ರು?" ಮತ್ತೆ ಸೊಸೆಯತ್ತ ತಿರುಗಿದಳು. "ಮತ್ತೆ ನೀನು. ಹದಿನಾಲ್ಕು ತಿಂಗ್ಳು ನನ್ನ ಎದುರು ಕೂತು ಉಂಡೆಯಲ್ಲ ತಂಗಿ. ಅವಂಗೆ ನನ್ನ ಮೇಲೆ ಸಿಟ್ಟಿತ್ತಾ ಅಂತ ಎಷ್ಟು ಸಲ ಕೇಳಿದೆ ನಿಂಗೆ."

ಕೇಳಿದ್ದಳು. ಸಿಗಡಿ ಬಿಡಿಸುವಾಗ, ಹಾಸಿಗೆ ಹಾಸುವಾಗ, ಬಚ್ಚಲ ಒಲೆಯ ಮುಂದೆ ಕೂತು ಕೇಳಿದ್ದಳು. ಏನಿಲ್ಲ ಅತ್ತೆ, ಎಂದಿದ್ದಳು ವಿನುತಾ, ಪ್ರತಿ ಸಲವೂ. ಈಗ ಎಣ್ಣೆ ಮೆತ್ತಿದ ಕೈ ಬಿಟ್ಟುಕೊಂಡು ನಿಂತಳು. ಅತ್ತೆಯ ಸಿಟ್ಟು ಎಲ್ಲಿಂದ ನೋಡಿದರೂ ನ್ಯಾಯವಾಗಿತ್ತು.

ಸುನಿಲ ಗೇಟಿನ ಕಡೆ ಎರಡು ಹೆಜ್ಜೆ ಇಟ್ಟಿದ್ದ.

"ಎಲ್ಲಿಗೆ? ನೀನೂ ಕೂತ್ಕೋ," ಎಂದಳು ದುರ್ಗಿ. ತಾನು ಮೆಟ್ಟಿಲ ಮೇಲೆ ಕೂತು, ಸೀರೆಯ ನೆರಿಗೆ ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು. "ಎಲ್ಲಾ ಹೇಳು ತಂಗಿ. ಮೊದ್ಲಿಂದ. ಒಂದೂ ಬಿಡೂದು ಬ್ಯಾಡ."

ವಿನುತಾ ಅವಳ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ ಕೂತಳು. ರಿಪೋರ್ಟಿನ ಪುಟಗಳು ಅವಳಿಗೆ ಬಾಯಿಪಾಠವಾಗಿದ್ದವು.

"ಜನವರಿ ಹನ್ನೊಂದಕ್ಕೆ ಮೊದಲ ಸಲ ರಕ್ತ ಕೊಟ್ಟರು," ಎಂದಳು.

"ಎಂತ ವಾರ?"

"ಬುಧವಾರ."

ದುರ್ಗಿ ಲೆಕ್ಕ ಹಾಕುವವಳಂತೆ ಅಂಗಳದ ಆಚೆ ನೋಡಿದಳು.

"ಬುಧವಾರ," ಎಂದಳು. "ಹೇಳೂದಿದ್ರೆ ನಾ ಮನೇಲೇ ಇದ್ದೆನಲ್ಲ."