ಮೂರು ಚೌಕದ ಮಾತು

ಪೆಂಬರ್ಟನ್ ದೊರೆಯ ಎರಡೂ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಮಂಜೂರಿನ ಮೇಲಿನ ಕಲ್ಲಕೊರೆ ಟೀ ಎಸ್ಟೇಟಿನ ಬಂಗಲೆಯ ಜಗಲಿಯಲ್ಲಿ ಕೂತು, ಎಲೆ ಕೀಳುವವರಿಂದ ಹಿಡಿದು ಗವರ್ನರನ ತನಕ ಎಲ್ಲರನ್ನೂ ಬಯ್ಯುತ್ತಿದ್ದ. ಅವನಿಗೆ ಪೇಪರು ಓದಿ ಹೇಳುವ ಕೆಲಸ ಮಹಾಲಿಂಗನದು. ಮಹಾಲಿಂಗ ಎಸ್ಟೇಟಿನ ಕೆಳಗಿನ ಹಟ್ಟಿಯವನು, ಊಟಿ ಬೆಟ್ಟದ ಬಡಗ ಜನದವನು, ಇಪ್ಪತ್ತಾರು ವರ್ಷದವನು. ಊಟಿಯಲ್ಲಿ ಮೆಟ್ರಿಕ್ ಮುಗಿಸಿ ಬಂದವನಿಗೆ ಆ ೧೯೩೬ರಲ್ಲಿ ಬೇರೆ ಕೆಲಸ ಸಿಕ್ಕಿರಲಿಲ್ಲ.

ಪೇಪರಿನ ಸುದ್ದಿಯೇನೋ ಸರಿ. ಶನಿವಾರದ ಕೆಲಸವೇ ಕಷ್ಟದ್ದು. ಅಮೆರಿಕದಲ್ಲಿದ್ದ ದೊರೆಯ ತಂಗಿ ಅಲ್ಲಿಯ ಭಾನುವಾರದ ಪತ್ರಿಕೆಯ ಬಣ್ಣದ ಪುಟಗಳನ್ನು ಸುರುಳಿ ಸುತ್ತಿ ಕಳಿಸುತ್ತಿದ್ದಳು. ಅದರಲ್ಲಿ ಒಂದು ಇಡೀ ಪುಟ ಆಕಾಶಯಾನದ ಚಿತ್ರಕಥೆ. ಹನ್ನೆರಡು ಚೌಕ, ಚೌಕಕ್ಕೊಂದು ಚಿತ್ರ, ಬಾಯಿಂದ ಹೊರಟ ಬಿಳಿ ಗುಳ್ಳೆಯೊಳಗೆ ಮಾತು. ಕ್ಯಾಪ್ಟನ್ ಟ್ರಾವರ್ಸ್ ಎಂಬ ಹೊಂಬಣ್ಣದ ಕೂದಲಿನವನು ಬೆಂಕಿ ಉಗುಳುವ ಹಡಗಿನಲ್ಲಿ ಝಂತಾರ್ ಎಂಬ ಗ್ರಹಕ್ಕೆ ಹೋಗಿದ್ದಾನೆ. ಜೊತೆಗೆ ನೋರಾ ಎಂಬ ಹುಡುಗಿ. ದೃಷ್ಟಿ ಇದ್ದಾಗಲೇ ದೊರೆಗೆ ಇದರ ಹುಚ್ಚು ಹಿಡಿದಿತ್ತು. ಈಗ ಪ್ರತಿ ಚೌಕವನ್ನೂ ಮಹಾಲಿಂಗ ನೋಡಿ, ಬಣ್ಣ ಸಮೇತ ಇಂಗ್ಲಿಷಿನಲ್ಲಿ ವರ್ಣಿಸಬೇಕು.

ಕೆಲವೇ ವಾರಗಳಲ್ಲಿ ಮಹಾಲಿಂಗನಿಗೆ ಈ ಕಥೆಯ ಕಟ್ಟಳೆಗಳು ಬಾಯಿಪಾಠವಾದವು. ಮೊದಲ ಚೌಕದಲ್ಲಿ ಟ್ರಾವರ್ಸ್ ಹೋದ ವಾರದ ಸಾವಿನಿಂದ ಪಾರಾಗಬೇಕು, ಕೊನೆಯ ಚೌಕದಲ್ಲಿ ಹೊಸ ಸಾವಿನ ಬಾಯಿಗೆ ಬೀಳಬೇಕು. ಅಂಗಿ ಹರಿಯಬಹುದು, ಕ್ರಾಪು ಕೆದರಬಾರದು. ನೋರಾ ಪುಟಕ್ಕೊಂದು ಸಲ ಚೀರಬೇಕು. ಝಂತಾರಿನ ರಾಜ ಮೊರಾಖ್ ಕೊಲ್ಲುವುದಕ್ಕೆ ಮುಂಚೆ ತಪ್ಪದೆ ಗಹಗಹಿಸಿ ನಗಬೇಕು, ಆ ನಗೆಯ ಹೊತ್ತಿನಲ್ಲೇ ನಾಯಕ ತಪ್ಪಿಸಿಕೊಳ್ಳಬೇಕು. ಆ ಗ್ರಹದ ಜನಕ್ಕೆ ಮುಖವೇ ಇಲ್ಲ. ದೂರದಲ್ಲಿ ಇರುವೆ ಸಾಲಿನ ಹಾಗೆ ಓಡುವುದು, ಅಡ್ಡಬೀಳುವುದು, ಇಷ್ಟೇ ಅವರ ಪಾಡು. ರಾಜನಿಗೆ ತಾಮ್ರದ ಬಣ್ಣದ ಮೈ, ತಲೆಗೆ ಬಿಳಿಯ ರುಮಾಲು. ಮೊದಲ ಸಲ ಅವನನ್ನು ಕಂಡಾಗ ಮಹಾಲಿಂಗನಿಗೆ ತೀರಿಹೋದ ತನ್ನ ಅಪ್ಪನ ರುಮಾಲು ನೆನಪಾಗಿ ಮೈ ಉರಿದಿತ್ತು.

"ಅವನ ಮುಸುಡಿ ವರ್ಣಿಸು," ಎಂದಿದ್ದ ದೊರೆ.

"ವಯಸ್ಸಾದವನು ಸರ್."

"ಕಳ್ಳನ ಹಾಗಿದ್ದಾನೋ ಇಲ್ಲವೋ?"

"ಹಾಗೆ ಬರೆದಿದ್ದಾರೆ ಸರ್."

ಹಟ್ಟಿಗೂ ದೊರೆಗೂ ಆಗುತ್ತಿರಲಿಲ್ಲ. ಹಿಂದಿನ ವರ್ಷ ದೊರೆ ಹೊಸ ಗಿಡ ನೆಡಿಸಿ, ಹೊಳೆಗೆ ಇಳಿಯುವ ದಾರಿಗೆ ಮುಳ್ಳುತಂತಿ ಹಾಕಿಸಿದ್ದ. ಹೆಂಗಸರು ನೀರಿಗೆ ಒಂದೂವರೆ ಮೈಲಿ ಬಳಸಿ, ಜಾರುವ ಬಂಡೆಯ ಮೇಲೆ ಹೋಗಿಬರಬೇಕಾಗಿತ್ತು. ಹಟ್ಟಿಯ ಹಿರಿಯರು ಕೊಟ್ಟ ಅರ್ಜಿಯನ್ನು ದೊರೆಗೆ ಓದಿ ಹೇಳಿದವನು ಮಹಾಲಿಂಗನೇ. ದೊರೆ ಅದನ್ನು ಒಲೆಗೆ ಹಾಕಲು ಹೇಳಿದ, ಹಾಕಿದವನೂ ಮಹಾಲಿಂಗನೇ. ಹಟ್ಟಿಯಲ್ಲಿ ಯಾರೂ ಅವನ ಮುಖ ನೋಡಿ ಮಾತಾಡುತ್ತಿರಲಿಲ್ಲ.

ಮಳೆ ಹಿಡಿದ ಒಂದು ಶನಿವಾರ ಅವನ ತಾಯಿ ಕೆಂಪಿ ಆ ಬಂಡೆಯ ಮೇಲೆ ಕೊಡದೊಡನೆ ಉರುಳಿ ಬಲಗೈ ಮುರಿದುಕೊಂಡಳು. ಅವಳ ಕೈಗೆ ಬಿದಿರ ಪಟ್ಟಿ ಕಟ್ಟಿಸಿ ಮಹಾಲಿಂಗ ಬಂಗಲೆಗೆ ಬರುವಾಗ ಒಂದು ಗಂಟೆ ತಡವಾಗಿತ್ತು.

"ನಿಮ್ಮ ಜಾತಿಗೆ ಗಡಿಯಾರ ಯಾಕೆ ಬೇಕು?" ಎಂದ ದೊರೆ. "ಎಮ್ಮೆ ಎದ್ದಾಗ ಏಳೋದು, ಎಮ್ಮೆ ಮಲಗಿದಾಗ ಮಲಗೋದು."

"ತಾಯಿ ಬಿದ್ದು ಕೈ ಮುರಿದಿದೆ ಸರ್."

"ಮುರಿದದ್ದು ಅವಳ ಕೈ. ನಿನ್ನ ಕಾಲಿಗೇನಾಗಿತ್ತು? ಓದು."

ಮಹಾಲಿಂಗ ಸುರುಳಿ ಬಿಚ್ಚಿದ. ಹೋದ ವಾರ ಟ್ರಾವರ್ಸ್ ತಳವಿಲ್ಲದ ಕಂದರಕ್ಕೆ ಬೀಳುತ್ತಿದ್ದ. ಈ ವಾರದ ಮೊದಲ ಚೌಕದಲ್ಲಿ ಅವನು ಒಂದು ಬೇರು ಹಿಡಿದು ನೇತಾಡುತ್ತಿದ್ದ, ನಗುತ್ತ. ಮಹಾಲಿಂಗ ಆ ನಗುವನ್ನೇ ಸ್ವಲ್ಪ ಹೊತ್ತು ನೋಡಿದ.

"ಬಿದ್ದ," ಎಂದ.

"ಬಿದ್ದ? ಎಲ್ಲಿಗೆ ಬಿದ್ದ?"

"ಬಂಡೆಯ ಮೇಲೆ ಸರ್. ಕಾಲು ಮುರಿದಿದೆ. ಮೂಳೆ ಹೊರಗೆ ಬಂದಿದೆ. ಕೂದಲಿಗೆ ಕೆಸರು ಮೆತ್ತಿದೆ."

ದೊರೆ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ. "ಆಮೇಲೆ?"

ಆಮೇಲಿನ ಐದು ವಾರ ಟ್ರಾವರ್ಸ್ ಏಳಲಿಲ್ಲ. ಸುರುಳಿಯ ಪುಟಗಳಲ್ಲಿ ಅವನು ಹಾರಿದ, ಈಜಿದ, ಮೂರು ತಲೆಯ ಹಲ್ಲಿಯನ್ನು ಕೊಂದ. ಮಹಾಲಿಂಗನ ಬಾಯಲ್ಲಿ ಮಾತ್ರ ಕಲ್ಲುಗುಡಿಸಲಿನಲ್ಲಿ ಮಲಗಿ, ಮುಖವಿಲ್ಲದ ಜನ ಕೊಟ್ಟ ಗಂಜಿ ಕುಡಿಯುತ್ತಿದ್ದ. ಒಬ್ಬೊಬ್ಬರಿಗೂ ಮಹಾಲಿಂಗ ಮುಖ ಕೊಟ್ಟ. ನೋರಾ ಚೀರುವುದನ್ನು ಬಿಟ್ಟು ನೀರು ಹೊರಲು ಕಲಿತಳು. ಮೊದಮೊದಲು ಅವನಿಗೆ ಸಿಕ್ಕಿಬೀಳುವ ಭಯವಿತ್ತು. ಆಮೇಲೆ ಶನಿವಾರ ಯಾವಾಗ ಬರುತ್ತದೋ ಎಂದು ಕಾಯುವ ಹಾಗಾಯಿತು. ಆರನೆಯ ವಾರ ರಾಜ ಮೊರಾಖ್ ಗಾಯಾಳುವಿನ ಪಕ್ಕದಲ್ಲಿ ಕೂತು ಮೂರು ಚೌಕ ಮಾತಾಡಿದ: "ನಿನ್ನ ಹಡಗಿಗೆ ಹೆಸರಿಡುವ ಮೊದಲೇ ನಮ್ಮ ಹೆಂಗಸರು ಈ ಹೊಳೆಯಿಂದ ನೀರು ತಂದರು. ನೀನು ಇಳಿದ ದಿನವೇ ನೆಲ ನಿನ್ನದು ಎಂದೆ. ಯಾರನ್ನು ಕೇಳಿ ತಂತಿ ಹಾಕಿದೆ?"

ದೊರೆ ಕೈ ಎತ್ತಿದ. ಪೈಪನ್ನು ತೆಗೆದು ಮೇಜಿನ ಮೇಲಿಟ್ಟ.

"ತಂತಿ," ಎಂದ ಮೆಲ್ಲಗೆ. "ಆಕಾಶದಲ್ಲಿ ಮುಳ್ಳುತಂತಿ. ರಂಗನಾಥನ್!"

ಬಟ್ಲರ್ ರಂಗನಾಥನ್ ಅಡುಗೆಮನೆಯಿಂದ ಓಡಿಬಂದ. ಅವನಿಗೆ ಇಂಗ್ಲಿಷ್ ಓದಲು ಬರದು, ಮಹಾಲಿಂಗನನ್ನು ಕಂಡರೆ ಆಗದು.

"ಆ ಕಾಗದ ನೋಡು. ಹಳದಿ ಕೂದಲಿನವನು ನಿಂತಿದ್ದಾನೋ, ಮಲಗಿದ್ದಾನೋ?"

ರಂಗನಾಥನ್ ಪುಟವನ್ನು ಬೆಳಕಿಗೆ ಹಿಡಿದ. "ನಿಂತವ್ನೆ ದೊರೆ. ಇನ್ನೊಂದು ಚೌಕದಾಗೆ ಕುದುರೆ ಥರದ್ದರ ಮೇಲೆ ಕೂಡ ಕೂತವ್ನೆ. ಕೈಯಲ್ಲಿ ಕತ್ತಿ."

"ರುಮಾಲಿನವನು?"

"ಓಡ್ತಾವ್ನೆ."

ದೊರೆ ಮಹಾಲಿಂಗನ ಕಡೆಗೆ, ಅಂದರೆ ಅವನ ಉಸಿರು ಕೇಳಿದ ಕಡೆಗೆ, ತಿರುಗಿದ. "ಮೊದಲ ವಾರವೇ ನನಗೆ ಅನುಮಾನ ಬಂತು, ಮೂರ್ಖ. ನಾಯಕನ ಮೂಳೆ ಯಾವ ಚಿತ್ರಗಾರನೂ ಮುರಿಯುವುದಿಲ್ಲ. ಮುರಿದರೆ ಅವನ ಅನ್ನ ಹೋಗುತ್ತದೆ. ಖಳನಿಗೆ ಮೂರು ಚೌಕ ಯಾರೂ ಕೊಡುವುದಿಲ್ಲ. ಒಂದು ಗುಳ್ಳೆ, ಒಂದು ನಗು, ಮುಗಿಯಿತು. ಈಗ ಆರೂ ಪುಟ ಇದ್ದದ್ದು ಇದ್ದ ಹಾಗೆ ಓದು."

ಮಹಾಲಿಂಗ ಓದಿದ. ಬೇರು, ಹಲ್ಲಿ, ಕತ್ತಿ, ಚೀತ್ಕಾರ. ಗಂಟಲು ಒಣಗಿದರೂ ಯಾರೂ ನೀರು ಕೊಡಲಿಲ್ಲ. ಮೂರನೆಯ ಪುಟದ ಹೊತ್ತಿಗೆ ದೊರೆ ಆಕಳಿಸಿದ. ಕೊನೆಯ ಪುಟದಲ್ಲಿ ಪ್ರತಿ ಚೌಕಕ್ಕೆ ಮುಂಚೆಯೇ ಏನಾಗುತ್ತದೆಂದು ತಾನೇ ಹೇಳುತ್ತ ಹೋದ, ಎಲ್ಲ ಸರಿಯಾಗಿತ್ತು.

ಎಲ್ಲ ಮುಗಿದ ಮೇಲೆ ಕೇಳಿದ: "ನಿನ್ನ ಕಾಲುಮುರುಕನನ್ನು ರಾಜ ಏನು ಮಾಡಿದ?"

ಅಷ್ಟು ಕುತೂಹಲ ಆ ದನಿಯಲ್ಲಿ ಮಹಾಲಿಂಗ ಹಿಂದೆಂದೂ ಕೇಳಿರಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಅಸಹ್ಯವೆನಿಸಿತು.

"ಹೊಳೆದಾರಿ ಬಿಡಿ ಸರ್, ಹೇಳುತ್ತೇನೆ."

"ಓದುವ ಆಳಿನ ಜೊತೆ ನಾನು ವ್ಯಾಪಾರ ಮಾಡುವುದಿಲ್ಲ. ತೊಲಗು."

ಹಟ್ಟಿಗೆ ಬಂದು ಮಹಾಲಿಂಗ ತಾಯಿಗೆ ಎಲ್ಲವನ್ನೂ ಹೇಳಿದ. ಕೆಂಪಿ ಎಡಗೈಯಲ್ಲಿ ಕೀರೆ ಸೊಪ್ಪು ಸೋಸುತ್ತ ಕೇಳಿಸಿಕೊಂಡಳು.

"ಆ ರಾಜ ಕೊನೆಗೆ ಏನ ಮಾಡಿದ?"

"ಗೊತ್ತಿಲ್ಲೆ ಅವ್ವೆ. ಏನು ಯೋಚನೆ ಮಾಡಿದರೂ ಆ ಹಡಗು ಬಂದು ಅವನ ಹೊತ್ತುಕೊಂಡು ಹೋಗುತ್ತೆ. ಬೇರೆ ಏನೂ ತೋಚೋದಿಲ್ಲೆ."

"ಅವನ ಕಾಲ ಮುರಿದೆ, ಹಡಗ ಹಾಗೇ ಬಿಟ್ಟೆಯಲ್ಲ," ಎಂದಳು ಕೆಂಪಿ. "ಎನ್ನ ಕೈ ಮುರಿದಾಗ ಎನಗೆ ಯಾವ ಹಡಗೂ ಬರಲಿಲ್ಲೆ. ಒಲೆಗೆ ಹಾಕಿದೆಯಲ್ಲ ಅರ್ಜಿಯ, ಮೊದಲು ಅದಕ್ಕೆ ಏನ ಮಾಡುತ್ತೀ ಹೇಳು."

ಆ ಮಾತು ನಾಟಿತು. ಸೋಮವಾರ ಬೆಳಿಗ್ಗೆ ಮಹಾಲಿಂಗ ಹಾರೆ ಹಿಡಿದು ಒಬ್ಬನೇ ಹೊರಟ. ಅವನ ಹಿಂದೆ ದಾಯಾದಿ ಮಲ್ಲ ತಾನೂ ಹಾರೆ ಹಿಡಿದು ಬಂದ. ಆಮೇಲೆ ಹಟ್ಟಿಯ ಹಾಲನ್ ಬಂದ. ಮೂವರೂ ಸೇರಿ ಹೊಳೆದಾರಿಯ ನಾಲ್ಕು ಗೂಟ ಕಿತ್ತರು. ಎರಡು ದಿನದಲ್ಲಿ ಎಸ್ಟೇಟಿನ ಆಳುಗಳು ಮತ್ತೆ ನೆಟ್ಟರು. ಮತ್ತೆ ಕಿತ್ತರು. ಮೂರನೆಯ ಸಲ ಗೂಟದವರ ಜೊತೆ ದೊರೆಯೇ ರಂಗನಾಥನ ಭುಜ ಹಿಡಿದು ಇಳಿದುಬಂದ.

ಬಿಸಿಲು ಬಿದ್ದಿತ್ತು. ಹಟ್ಟಿಯ ಹೆಂಗಸರು ಕೊಡ ಹೊತ್ತು ಸಾಲಾಗಿ ನಿಂತಿದ್ದರು. ಮುಂದೆ ಕೆಂಪಿ.

"ಓದುವವನೇ, ಇದ್ದೀಯಾ?" ಎಂದು ದೊರೆ ಕೂಗಿದ.

"ಇದ್ದೇನೆ."

"ಜೈಲಿಗೆ ಹಾಕಿಸುತ್ತೇನೆ."

"ಹಾಕಿಸಿ."

ಕೆಂಪಿ ಗೂಟ ಹಿಡಿದ ಆಳಿನ ಮುಂದೆಯೇ ದಾಟಿ ಹೊಳೆಗೆ ಇಳಿದಳು. ಹಿಂದೆ ನಂಜಿ, ಚಿನ್ನಿ, ಒಬ್ಬೊಬ್ಬರಾಗಿ ಉಳಿದವರು. ಬರಿಗಾಲಿನ ಸದ್ದು, ನೀರಿನಲ್ಲಿ ಕೊಡ ಮುಳುಗುವ ಸದ್ದು. ದೊರೆ ತಲೆಯನ್ನು ಆಚೀಚೆ ತಿರುಗಿಸಿದ.

"ಏನಾಗುತ್ತಿದೆ? ಎಷ್ಟು ಜನ? ಹೇಳು!"

ಮಹಾಲಿಂಗ ಬಾಯಿ ಬಿಡಲಿಲ್ಲ. ದೊರೆ ರಂಗನಾಥನ ಭುಜ ಅಲ್ಲಾಡಿಸಿದ. "ನೀನಾದರೂ ಬೊಗಳೋ!"

ರಂಗನಾಥನ್ ಹೆಂಗಸರನ್ನು ನೋಡಿದ, ಮಹಾಲಿಂಗನನ್ನು ದುರುಗುಟ್ಟಿ ನೋಡಿದ. "ಬಿಸಿಲು ಕಣ್ಣಿಗೆ ಹೊಡೀತಾ ಇದೆ ದೊರೆ," ಎಂದ. "ಒಂದೂ ಕಾಣ್ತಾ ಇಲ್ಲ."

ದೊರೆ ದೂರು ಕೊಟ್ಟ. ಮಹಾಲಿಂಗ ಮೂರು ವಾರ ಊಟಿಯ ಜೈಲಿನಲ್ಲಿದ್ದ, ಮಲ್ಲ, ಹಾಲನ್ ಎರಡೆರಡು ವಾರ. ತಿರುಗಿ ಬಂದಾಗ ಗೂಟಗಳು ದಾರಿಯ ಪಕ್ಕದಲ್ಲಿ ಬಿದ್ದಿದ್ದವು. ನೆಡಲು ಆಳುಗಳು ಒಪ್ಪಿರಲಿಲ್ಲವಂತೆ. ಬಂಗಲೆಯ ಜಗಲಿಯಿಂದ ದೊರೆಯ ಬೈಗುಳ ಹೊಳೆಯ ತನಕ ಕೇಳುತ್ತಿತ್ತು. ಮಹಾಲಿಂಗ ತಂತಿಯನ್ನು ಸುರುಳಿ ಸುತ್ತಿ, ಹೆಗಲಿಗೇರಿಸಿ, ಮನೆಯ ಹಿಂದಿನ ಆಲೂಗೆಡ್ಡೆ ಹೊಲದ ಬೇಲಿಗೆ ಕಟ್ಟಿದ.