ನನಗೆ ಜೋಡಿ ತಂದ ಕಸ್ತೂರಕ್ಕ

ನೋಡಿದವರೆಲ್ಲ ನನ್ನನ್ನು ಮೀನು ಎನ್ನುತ್ತಾರೆ. ಮೀನಿಗೆ ಕಾಲುಗಳಿರುತ್ತವೆಯೇ? ನಾನು ಆಕ್ಸೊಲಾಟಲ್, ಕಪ್ಪೆಗಳ ದೂರದ ದಾಯಾದಿ, ಬದುಕಿಡೀ ನೀರು ಬಿಡದವನು. ತಲೆಯ ಎರಡೂ ಪಕ್ಕ ಹರಡಿರುವ ಕೆಂಪು ಕುಚ್ಚುಗಳು ಶೃಂಗಾರಕ್ಕಲ್ಲ. ಅವು ನನ್ನ ಕಿವಿರು, ನನ್ನ ಉಸಿರು.

ನಾನು ಹುಟ್ಟಿದ್ದು ಸಾಕಣೆಯವನೊಬ್ಬನ ಪ್ಲಾಸ್ಟಿಕ್ ಟಬ್ಬಿನಲ್ಲಿ, ನೂರಾರು ಒಡಹುಟ್ಟಿದವರ ನಡುವೆ. ಹಸಿವಾದಾಗ ಒಬ್ಬರ ಕಾಲನ್ನು ಒಬ್ಬರು ಕಚ್ಚುತ್ತಿದ್ದೆವು. ಬಂಧುಬಳಗದ ಸುಖ ನನಗೆ ಗೊತ್ತಿರುವುದು ಅಷ್ಟೇ. ಅಲ್ಲಿಂದ ಹುಬ್ಬಳ್ಳಿಯ ಬಾಡಿಗೆ ಕೋಣೆಯೊಂದಕ್ಕೆ ಬಂದೆ. ನನ್ನನ್ನು ಕೊಂಡಿದ್ದ ನರ್ಸಿಂಗ್ ಹುಡುಗಿ ಊರು ಬಿಡುವಾಗ ಕೆಳಮನೆಯ ಕಸ್ತೂರಕ್ಕನ ಕೈಗೆ ನನ್ನನ್ನು ಕೊಟ್ಟು, "ಒಂದ್ ವಾರ ನೋಡ್ಕೋರಿ ಆಂಟಿ" ಎಂದಳು. ಆ ವಾರ ಇನ್ನೂ ಮುಗಿದಿಲ್ಲ.

ಕಸ್ತೂರಕ್ಕ ಬ್ಲೌಸು ಹೊಲಿಯುವವಳು, ಮದುವೆಯಾಗದವಳು. ಅಳತೆ ಕೊಡಲು ಬಂದವರೆಲ್ಲ ಪುಕ್ಕಟೆ ಬುದ್ಧಿ ಹೇಳುತ್ತಿದ್ದರು: "ಒಬ್ಬಾಕಿನ ಎಷ್ಟ್ ದಿನಾ ಅಂತ ಇರ್ತೀಯವಾ? ಜೀವಕ್ಕೊಂದ್ ಜೋಡಿ ಬೇಕು." ಅವಳು ನಕ್ಕು ಟೇಪು ಎಳೆಯುತ್ತಿದ್ದಳು. ಆದರೆ ಕೇಳಿ ಕೇಳಿ ಆ ಮಾತು ಅವಳೊಳಗೂ ಇಳಿದಿತ್ತು. ಒಂದು ದಿನ ನನ್ನ ತೊಟ್ಟಿಯ ಗಾಜಿಗೆ ಮುಖವಿಟ್ಟು, "ನೀನೂ ಒಬ್ಬನ ಅದೀ, ಪಾಪ" ಎಂದವಳೇ ಪೇಟೆಯಿಂದ ಒಂದು ಗೋಲ್ಡ್‌ಫಿಶ್ ತಂದು ನನ್ನ ನೀರಿಗೆ ಬಿಟ್ಟಳು.

ಆ ಜೋಡಿಗೆ ನನ್ನ ಕುಚ್ಚುಗಳು ಹುಳುವಿನಂತೆ ಕಂಡವು. ಹೊತ್ತುಗೊತ್ತಿಲ್ಲದೆ ಬಂದು ಕಿತ್ತು ತಿನ್ನುತ್ತಿತ್ತು. "ನೋಡ್ರಿ, ಹೆಂಗ್ ಮುದ್ದ ಮಾಡ್ತದ!" ಎಂದು ಕಸ್ತೂರಕ್ಕ ಗಿರಾಕಿಗಳಿಗೆ ತೋರಿಸಿದಳು. ಕೂಗಲು ನನಗೆ ದನಿಯಿಲ್ಲ. ಗಾಯದ ಮೇಲೆ ಹತ್ತಿಯಂಥ ಬಿಳಿ ಬೂಸ್ಟು ಬೆಳೆಯಿತು. ತಿನ್ನುವುದು ಬಿಟ್ಟೆ. ಉಸಿರಿಗಾಗಿ ಮತ್ತೆ ಮತ್ತೆ ಮೇಲಕ್ಕೆ ಏಳತೊಡಗಿದೆ.

ಗಾಬರಿಯಾದ ಅವಳು ಸಾಕುಮೀನಿನ ಅಂಗಡಿಯ ಮುನೀರಣ್ಣನನ್ನು ಕರೆತಂದಳು. ಅವನು ಬಂದವನೇ ಗೋಲ್ಡ್‌ಫಿಶ್ಶನ್ನು ಬಲೆಯಲ್ಲಿ ಎತ್ತಿದ.

"ಇದನ್ನ ನಾ ಒಯ್ತೀನ್ರಿ ಅಕ್ಕಾರ. ಬ್ಯಾರೆ ಡಬ್ಬ್ಯಾಗ ಅಯೋಡಿನ್ ಇಲ್ಲದ ಉಪ್ಪಿನ ನೀರ ಮಾಡಿ ದಿನಾ ಹತ್ತ್ ನಿಮಿಷ ಇವನ್ನ ಬಿಡ್ರಿ, ಜಾಸ್ತಿ ಬ್ಯಾಡ. ತೊಟ್ಟಿ ನೀರು ತಣ್ಣಗ ಇರ್ಲಿ."

"ಉಳೀತಾನೇನ್ರಿ?" ಅವಳು ಗಾಜಿಗೆ ಕೈಯಿಟ್ಟು ಕೇಳಿದಳು.

"ಒಬ್ಬನ ಇದ್ರ ಉಳೀತಾನ."

"ಒಬ್ಬನ ಇರೂದು ಔಷಧಾನೂ ಆಗ್ತದೇನ್ರಿ?" ಎಂದಳು ಕಸ್ತೂರಕ್ಕ. ಅಂಥ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಉಪ್ಪುನೀರು ಉರಿಯುತ್ತಿತ್ತು. ಡಬ್ಬಿಯ ಪಕ್ಕದಲ್ಲೇ ಕೂತು, "ತಡ್ಕೊ ನನ್ನಪ್ಪಾ, ಇನ್ನೊಂದ್ ಸ್ವಲ್ಪ" ಎನ್ನುತ್ತಿದ್ದಳು. ಬಾಟಲಿಯಲ್ಲಿ ನೀರು ಗಡ್ಡೆಗಟ್ಟಿಸಿ ನನ್ನ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದಳು. ಹೊಲಿಗೆ ಹಿಂದೆ ಬಿದ್ದು ಗಿರಾಕಿಗಳು ಬೈದು ಹೋದರು. ಕೊನೆಗೆ ಬೂಸ್ಟು ಕಳಚಿತು, ಕುಚ್ಚುಗಳು ನಿಧಾನವಾಗಿ ಚಿಗುರಿದವು. ನಮ್ಮ ಜಾತಿಗೆ ದೇವರು ಕೊಟ್ಟ ವರ ಅದು.

ಈಗ ನನಗೆ ವಯಸ್ಸಾಗಿದೆ. ಒಂಟಿತನ ನನಗೆ ಮದ್ದು, ನಿಜ. ಆದರೆ ಮದ್ದು ಯಾರಿಗೆ ರುಚಿ? ಗಿರಾಕಿಗಳಿಲ್ಲದ ಮಧ್ಯಾಹ್ನ ಕಸ್ತೂರಕ್ಕ ಊಟದ ತಟ್ಟೆ ಹಿಡಿದು ನನ್ನ ಮೂಲೆಗೆ ಬರುತ್ತಾಳೆ. "ಇವತ್ತ್ ಸಾರು ಖಾರ ಆತೇನೋ?" ಎಂದು ನನ್ನನ್ನೇ ಕೇಳುತ್ತಾಳೆ. ನಾನು ಕುಚ್ಚು ಕೊಡವುತ್ತೇನೆ. ಅದನ್ನೇ ಉತ್ತರವೆಂದು ತಿಳಿದು ಅವಳು ಮಾತು ಮುಂದುವರಿಸುತ್ತಾಳೆ. ಅದು ಮಾತಲ್ಲ, ಬರೀ ಉಸಿರು ಎಂದು ಹೇಳಲು ನನಗೆ ಬಾಯಿಲ್ಲ. ಮಾತು ಮುಗಿದು ಅವಳು ಸುಮ್ಮನಾದಾಗ, ಉಸಿರಿಗೆ ಬೇಕಿಲ್ಲದಿದ್ದರೂ, ಇನ್ನೊಮ್ಮೆ ಕೊಡವುತ್ತೇನೆ.